ಉಡಿ ತುಂಬದೆ ಹೋದವಳಿಗೆ

ಇವರಿಂದ: ಪ್ರತಿಭಾ, ಮ್ಯಾನೇಜರ್, ಶಿರಸಿ ಕಚೇರಿ
ಇವರಿಗೆ: ಎಲ್ಲರಿಗೂ
ವಿಷಯ: ವಿದಾಯ
೩೧ ಜನವರಿ ೨೦೨೫

ಎಲ್ಲರಿಗೂ ನಮಸ್ಕಾರ.

ಶಿವಲಿಂಗಪ್ಪ ಫ್ರೂಟ್ ಪ್ರಾಡಕ್ಟ್ಸ್‌ನಲ್ಲಿ ಇಂದು ನನ್ನ ಕೊನೆಯ ದಿನ. ವೈಯಕ್ತಿಕ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ. ಹದಿನಾರು ವರ್ಷಗಳಲ್ಲಿ ಇಲ್ಲಿ ಕಲಿತದ್ದು ಬಹಳ. ಕಚೇರಿಯವರು, ಗುಡ್ನಾಪುರದ ಕಾರ್ಖಾನೆಯವರು, ನಮ್ಮ ಅನಾನಸ್ ಡಬ್ಬಿಗಳನ್ನು ಕೊಳ್ಳುವ ಅಂಗಡಿ, ಹೋಟೆಲಿನವರು ಎಲ್ಲರೂ ನನ್ನನ್ನು ಮನೆಯವಳಂತೆ ನೋಡಿಕೊಂಡಿದ್ದೀರಿ. ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ.

ಸಂಪರ್ಕದಲ್ಲಿರೋಣ.

ಪ್ರತಿಭಾ


ಗುಡ್ನಾಪುರ
೪ ಫೆಬ್ರವರಿ ೨೦೨೫

ಚಿ. ಸೌ. ಪ್ರತಿಭಾಳಿಗೆ ಪಾರ್ವತವ್ವನ ಆಶೀರ್ವಾದಗಳು.

ನಿನ್ನ ಇಮೇಲನ್ನು ವ್ಯಾನಿನ ಕೆರಿಯಪ್ಪ ತಂದುಕೊಟ್ಟ. ಕಚೇರಿಯಲ್ಲಿ ಎಲ್ಲರಿಗೂ ಎಂದು ಬರೆದದ್ದನ್ನೆಲ್ಲ ಅಚ್ಚು ಹಾಕಿ ವ್ಯಾನಿನಲ್ಲಿ ನನಗೆ ಕಳಿಸಬೇಕೆಂಬ ಪದ್ಧತಿಯನ್ನು ಮಾಡಿದವಳು ನೀನೇ. ನಾನು ಹೆಸರಿಗೆ ಅಧ್ಯಕ್ಷೆ, ಕಂಪ್ಯೂಟರ್ ಮುಟ್ಟದವಳು, ನನಗೆ ಏನೂ ತಿಳಿಯದೆ ಹೋಗಬಾರದು ಎಂದು ಮಾಡಿದೆ. ಈಗ ನಿನ್ನ ಸುದ್ದಿಯೇ ಅದೇ ದಾರಿಯಲ್ಲಿ ಬಂತು, ಕಾರ್ಖಾನೆಯ ಪಾಳಿಯ ಹಾಳೆ, ಡೀಸೆಲ್ ರಸೀತಿಗಳ ಕೆಳಗೆ.

ಇಂಥ ಇಮೇಲುಗಳನ್ನು ನಾನು ಎಷ್ಟೋ ಓದಿದ್ದೇನೆ. ಎಲ್ಲರೂ ಒಂದೇ ಥರ ಬರೆಯುತ್ತಾರೆ. ಕೊನೆಯ ದಿನ ಎಂದು ಬರೆಯುತ್ತಾರೆ. ಗಟ್ಟಿಮುಟ್ಟಾಗಿರುವವರು ಹಾಗೆ ಬರೆಯುವುದು ನನಗೆ ಎಂದೂ ಸರಿ ಕಂಡಿಲ್ಲ. ಮನೆಯವರಂತೆ ನೋಡಿಕೊಂಡಿರಿ ಎಂದೂ ಬರೆಯುತ್ತಾರೆ. ಮನೆಯವರು ಯಾರಾದರೂ ಇಮೇಲ್ ಹಾಕಿ ಮನೆ ಬಿಡುತ್ತಾರೆಯೇ? ಬೇರೆಯವರು ಬರೆದರೆ ನಾನು ಮಡಿಸಿ ಇಡುತ್ತಿದ್ದೆ. ನೀನು ಬರೆದದ್ದನ್ನು ಮಡಿಸಲು ನನ್ನ ಕೈ ಬರಲಿಲ್ಲ.

ನಮ್ಮಲ್ಲಿ ಕೆಲಸಕ್ಕಿದ್ದ ಯಾವ ಹೆಣ್ಣುಮಗಳೂ ಉಡಿ ತುಂಬಿಸಿಕೊಳ್ಳದೆ ಹೋಗಿಲ್ಲ. ಹಣ್ಣಿನ ಸಿಪ್ಪೆ ತೆಗೆಯುವ ಹೊನ್ನಿ ಹೋಗುವಾಗಲೂ ಅವಳ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಕುಪ್ಪಸದ ಕಣ ಬಿದ್ದಿವೆ. ನಿನಗೆ ಗೊತ್ತಿರಬೇಕು, ತಟ್ಟೆ ಹಿಡಿದು ನಿಂತವಳು ನೀನೇ. ಯಜಮಾನರು ಹೋದ ಮೇಲೆ ನಾನು ಉಡಿ ತುಂಬುವುದಿಲ್ಲ. ಸೊಸೆ ಗೀತಾ ತುಂಬುತ್ತಾಳೆ, ನಾನು ಕುರ್ಚಿಯಲ್ಲಿ ಕೂತು ನೋಡುತ್ತೇನೆ.

ಹದಿನಾಲ್ಕನೇ ತಾರೀಖು ಶುಕ್ರವಾರ. ಊಟದ ಹೊತ್ತಿಗೆ ಬಾ. ಫೋನಿನಲ್ಲಿ ನನಗೆ ಮಾತು ಕೇಳಿಸುವುದಿಲ್ಲ, ಅದಕ್ಕೇ ಬರೆದಿದ್ದೇನೆ. ಉತ್ತರ ಬರೆಯಬೇಕಾಗಿಲ್ಲ. ಬಂದರೆ ಸಾಕು.

ಇತಿ,
ಪಾರ್ವತವ್ವ


ತ್ಯಾಗಲಿ
೧೧ ಫೆಬ್ರವರಿ ೨೦೨೫

ಪೂಜ್ಯ ಅವ್ವಾರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಹದಿನಾಲ್ಕರಂದು ಬರಲು ಆಗುವುದಿಲ್ಲ. ಬೇರೆ ಶುಕ್ರವಾರವೂ ಆಗುವುದಿಲ್ಲ. ಇದನ್ನು ಗರ್ವವೆಂದು ತಿಳಿಯಬೇಡಿ.

ಗೀತಕ್ಕನಿಗೆ ನನ್ನ ನೆನಪು ಹೇಳಿ. ನಿಮ್ಮ ಮೊಣಕಾಲಿನ ಎಣ್ಣೆ ಮುಗಿಯುತ್ತ ಬಂದಿರಬಹುದು. ಕೆರಿಯಪ್ಪನಿಗೆ ಹೇಳಿದರೆ ತರುತ್ತಾನೆ, ಅಂಗಡಿ ಅವನಿಗೆ ತೋರಿಸಿದ್ದೇನೆ.

ನಿಮ್ಮ,
ಪ್ರತಿಭಾ


ಗುಡ್ನಾಪುರ
೨೮ ಫೆಬ್ರವರಿ ೨೦೨೫

ಪ್ರತಿಭಾಳಿಗೆ,

ಹದಿನಾಲ್ಕರಂದು ಎಲೆ ಹಾಕಿಸಿ ಕಾದೆ. ನೀನು ಬರುವುದಿಲ್ಲ ಎಂದು ಬರೆದಿದ್ದರೂ ಕಾದೆ. ಗೀತಾ ಎರಡು ಸಲ ಬಾಗಿಲಿಗೆ ಬಂದು ಹೋದಳು. ಸಂಜೆ ಉಡಿಗೆಂದು ತೆಗೆದಿಟ್ಟ ಅಕ್ಕಿಯನ್ನು ಡಬ್ಬಕ್ಕೆ ಸುರಿಯಲು ಹೇಳಿದೆ.

ಶಿವರಾತ್ರಿಯ ಮರುದಿನ ನನ್ನ ಮಗ ಶಂಭುಲಿಂಗ ವಿಷಯ ಹೇಳಿದ. ದೀಪಾವಳಿಗೆ ಹೋಟೆಲಿನವರಿಗೆ ಕಳಿಸಿದ ಡಬ್ಬಿಗಳು ಉಬ್ಬಿ ವಾಪಸು ಬಂದವಂತೆ. ಸಾಕಷ್ಟು ಕುದಿಸದೆ ಮುಚ್ಚಿ ಕಳಿಸಿದ್ದಂತೆ. ಮಾಲು ನೋಡಿ ಕಳಿಸುವ ಜವಾಬ್ದಾರಿ ನಿನ್ನದು. ಯಜಮಾನರ ಕಾಲದಲ್ಲಿ ನಮ್ಮ ಒಂದು ಡಬ್ಬಿಯೂ ಹಾಗೆ ಬಂದಿರಲಿಲ್ಲ. ಅವರ ಹೆಸರು ಆ ಡಬ್ಬಿಯ ಮೇಲಿದೆ.

ತಪ್ಪು ಯಾರಿಂದಲೂ ಆಗುತ್ತದೆ. ನನ್ನ ಮುಂದೆ ಬಂದು ನಿಂತು ಹೇಳಿದ್ದರೆ ಬೈಯುತ್ತಿದ್ದೆ, ಬೈದು ಊಟಕ್ಕೆ ಹಾಕುತ್ತಿದ್ದೆ. ನೀನು ಕದ್ದವರಂತೆ ಹಿತ್ತಲ ಬಾಗಿಲಿನಿಂದ ಹೋದೆ. ಎಲ್ಲರಿಗೂ ಕ್ಷಮಿಸಿ ಎಂದು ಬರೆದೆ, ನನ್ನ ಮುಂದೆ ಬರಲಿಲ್ಲ. ಇದನ್ನು ನಾನು ನಿನ್ನಿಂದ ನಿರೀಕ್ಷಿಸಿರಲಿಲ್ಲ.

ಇನ್ನು ಬರೆಯುವುದಿಲ್ಲ.

ಪಾರ್ವತವ್ವ


ಇವರಿಂದ: ಸುಭಾಷ, ಕಾರ್ಖಾನೆ ಸೂಪರ್‌ವೈಸರ್
ಇವರಿಗೆ: ಎಲ್ಲರಿಗೂ
ವಿಷಯ: ವಿದಾಯ
೩೧ ಮಾರ್ಚ್ ೨೦೨೫

ಎಲ್ಲರಿಗೂ ನಮಸ್ಕಾರ.

ಇಂದು ನನ್ನ ಕೊನೆಯ ದಿನ. ವೈಯಕ್ತಿಕ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ. ಎಲ್ಲರೂ ಮನೆಯವನಂತೆ ನೋಡಿಕೊಂಡಿದ್ದೀರಿ. ಕುದಿಸುವ ಕೋಣೆಯ ಕಪಾಟಿನಲ್ಲಿರುವ ಛತ್ರಿ ನನ್ನದು, ಯಾರಾದರೂ ಕಚೇರಿಗೆ ತಲುಪಿಸಿದರೆ ಉಪಕಾರ.

ತಪ್ಪಾಗಿದ್ದರೆ ಕ್ಷಮಿಸಿ ಎಂದು ನಾನು ಬರೆಯುತ್ತಿಲ್ಲ. ಬರೆದವರಿಗೆ ಏನಾಯಿತೆಂದು ನೋಡಿದ್ದೇನೆ.

ಸುಭಾಷ


ಗುಡ್ನಾಪುರ
೬ ಏಪ್ರಿಲ್ ೨೦೨೫

ಪ್ರತಿಭಾಳಿಗೆ,

ಬರೆಯುವುದಿಲ್ಲ ಎಂದಿದ್ದೆ. ಬರೆಯುತ್ತಿದ್ದೇನೆ.

ಸುಭಾಷ ಕೆಲಸ ಬಿಟ್ಟ. ಅವನ ಇಮೇಲಿನ ಕೊನೆಯ ಸಾಲು ಓದಿ ನನಗೆ ಸಿಟ್ಟು ಬಂತು. ಗೀತಾ ಸೊಪ್ಪು ಸೋಸುತ್ತಿದ್ದಳು. ಅವಳ ಮುಂದೆಯೇ ಬೈಯತೊಡಗಿದೆ. ‘ಅನ್ನ ತಿಂದ ಮನಿಗೆ ಹಿಂಗ ಬರೀತಾರೇನ? ಒಬ್ಬಾಕಿ ಹೇಳದ ಹೋದ್ಲು, ಒಬ್ಬಾಂವ ಛತ್ರಿ ಲೆಕ್ಕ ಹೇಳಿ ಹೋದ. ಆ ಪ್ರತಿಭಾಗ ಒಂದ್ ಉಡಿ ತುಂಬಿಸ್ಕೊಂಡು ಹೋಗಾಕ ಏನಾಗಿತ್ತ?’

ಗೀತಾ ತಲೆ ಎತ್ತಲಿಲ್ಲ. ‘ಅವ್ರು ಬರೂದಿಲ್ರಿ ಅತ್ತಿ,’ ಎಂದಳು.

‘ಯಾಕ ಬರೂದಿಲ್ಲ?’

‘ಉಡಿಯಾಗ ಅಕ್ಕಿ ಹಾಕಿಸ್ಕೊಂಡು ನಿಮ್ಮ ಮುಂದ ಸುಳ್ಳು ಹೇಳಾಕ ಅವ್ರಿಗೆ ಆಗೂದಿಲ್ರಿ. ಯಾಕ ಬಿಟ್ಟಿ ಅಂತ ನೀವು ಕೇಳಾವ್ರ. ಕೇಳದ ಬಿಡಾವ್ರಲ್ಲ.’

‘ಏನ್ ಸುಳ್ಳು?’

‘ನನ್ನ ಬಾಯಿ ಯಾಕ ಬಿಡಸ್ತೀರಿ. ಮೂರು ತಿಂಗಳಾತು ನಾ ಬಾಯಿ ಕಟ್ಕೊಂಡೇನಿ. ನಿಮ್ಮ ಮಗನ್ನ ಕೇಳ್ರಿ.’

ಅವಳು ಈ ಮನೆಗೆ ಬಂದು ಇಪ್ಪತ್ತು ವರ್ಷವಾಯಿತು. ಗಂಡನ ವಿರುದ್ಧ ಒಂದು ಮಾತು ಆಡಿದವಳಲ್ಲ. ಅಷ್ಟು ಹೇಳಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಶಂಭುಲಿಂಗ ಹುಬ್ಬಳ್ಳಿಗೆ ಹೋಗಿದ್ದಾನೆ. ಬಂದ ಮೇಲೆ ಕೇಳುತ್ತೇನೆ. ಆದರೆ ಮೊದಲು ನಿನ್ನಿಂದ ಕೇಳಬೇಕು. ನಾನು ಹತ್ತನೇ ಇಯತ್ತೆ ಓದಿದವಳು. ಬರೆದದ್ದು ಎಷ್ಟು ಉದ್ದವಿದ್ದರೂ ಓದಬಲ್ಲೆ. ನಡೆದದ್ದನ್ನು ನಡೆದಂತೆ ಬರೆ.

ಪಾರ್ವತವ್ವ


ತ್ಯಾಗಲಿ
೨೧ ಏಪ್ರಿಲ್ ೨೦೨೫

ಪೂಜ್ಯ ಅವ್ವಾರಿಗೆ ನಮಸ್ಕಾರಗಳು.

ನೀವು ಕೇಳದಿದ್ದರೆ ನಾನು ಬರೆಯುತ್ತಿರಲಿಲ್ಲ. ನೀವು ಕೇಳಿದ್ದೀರಿ, ಸುಳ್ಳು ಬರೆಯಲಾರೆ. ಅದಕ್ಕೇ ಇಷ್ಟು ದಿನ ನಿಮ್ಮ ಎದುರಿಗೆ ಬರಲಿಲ್ಲ. ಗೀತಕ್ಕ ಹೇಳಿದ್ದು ನಿಜ.

ದೀಪಾವಳಿಯ ದೊಡ್ಡಹಬ್ಬದ ಮುಂಚೆ ಹೋಟೆಲಿನವರ ದೊಡ್ಡ ಆರ್ಡರ್ ಬಂತು. ಲಾರಿ ಬರುವ ದಿನ ಹತ್ತಿರವಾಯಿತು. ಡಬ್ಬಿ ಕುದಿಸುವ ಹೊತ್ತನ್ನು ಅರ್ಧಕ್ಕೆ ಇಳಿಸಲು ಶಂಭಣ್ಣ ಸುಭಾಷನಿಗೆ ಹೇಳಿದರು. ಸುಭಾಷ ನನಗೆ ಹೇಳಿದ. ನಾನು ಬೇಡವೆಂದೆ, ಇಬ್ಬರ ಎದುರಿಗೂ ಹೇಳಿದೆ. ಆಯಿತು ಎಂದರು. ನಾನು ಹಬ್ಬಕ್ಕೆ ಊರಿಗೆ ಬಂದೆ. ತಿರುಗಿ ಹೋಗುವಷ್ಟರಲ್ಲಿ ಲಾರಿ ತುಂಬಿ ಹೋಗಿತ್ತು.

ಡಬ್ಬಿಗಳು ವಾಪಸು ಬಂದಾಗ ಶಂಭಣ್ಣ ನನ್ನನ್ನು ಕೂರಿಸಿಕೊಂಡು ಮಾತಾಡಿದರು. ಕೆಟ್ಟದಾಗಿ ಮಾತಾಡಲಿಲ್ಲ. ಮಾಲೀಕನ ತಪ್ಪು ಎಂದು ಗೊತ್ತಾದರೆ ಕಾರ್ಖಾನೆ ಮುಚ್ಚುತ್ತದೆ, ನೀವಾಗಿಯೇ ಬಿಟ್ಟರೆ ಉಳಿಯುತ್ತದೆ, ಒಳ್ಳೆಯ ಸರ್ಟಿಫಿಕೇಟ್ ಕೊಡುತ್ತೇನೆ, ಅವ್ವನಿಗೆ ಮಾತ್ರ ತಿಳಿಯಬಾರದು ಎಂದರು. ಸಿಪ್ಪೆ ತೆಗೆಯುವ ಹೆಂಗಸರ ಮುಖಗಳು ಕಣ್ಣೆದುರಿಗೆ ಬಂದವು. ನಾನು ಒಪ್ಪಿದೆ. ಒಪ್ಪಿದ್ದು ನಾನೇ, ಅದಕ್ಕೆ ಯಾರನ್ನೂ ದೂರುವುದಿಲ್ಲ.

ಪದ್ಧತಿಯಂತೆ ಎಲ್ಲರಿಗೂ ಇಮೇಲ್ ಹಾಕಿ, ಗಿರಾಕಿಗಳಿಗೂ ಹೋಗಲಿ ಎಂದರು. ಎಲ್ಲರೂ ಬರೆಯುವುದನ್ನೇ ಬರೆದೆ. ತಿಳಿದೋ ತಿಳಿಯದೆಯೋ ಎಂಬ ಸಾಲು ಯಾರ ವಿದಾಯದಲ್ಲಿ ಇರುವುದಿಲ್ಲ ಹೇಳಿ. ಅದೇ ಇಮೇಲನ್ನು ಅವರು ಹೋಟೆಲಿನವರಿಗೆ ಮತ್ತೊಮ್ಮೆ ಕಳಿಸಿ, ಮೇಲೆ ಒಂದು ಸಾಲು ಸೇರಿಸಿದರು: ‘ಡಬ್ಬಿಗಳ ವಿಷಯದಲ್ಲಿ ಸಂಬಂಧಪಟ್ಟವರು ತಪ್ಪೊಪ್ಪಿಕೊಂಡು ಕೆಲಸ ಬಿಟ್ಟಿದ್ದಾರೆ.’ ಇದು ನನಗೆ ಆಗ ಗೊತ್ತಿರಲಿಲ್ಲ.

ಗೊತ್ತಾದದ್ದು ಯಲ್ಲಾಪುರದಲ್ಲಿ. ಅಲ್ಲಿ ಒಬ್ಬರು ಜೇನಿನ ಕಾರ್ಖಾನೆ ಇಟ್ಟಿದ್ದಾರೆ, ಮಾರ್ಚ್‌ನಲ್ಲಿ ಬನ್ನಿ ಎಂದಿದ್ದರು. ಹೋದಾಗ ಚಹಾ ಕೊಟ್ಟು, ನನ್ನ ಇಮೇಲನ್ನು ಮೇಜಿನ ಮೇಲಿಟ್ಟರು. ‘ನೀವೇ ಬರ್ದಿದ್ದಲ್ರಾ ಮೇಡಂ? ತಿನ್ನೋ ಪದಾರ್ಥದ ಕೆಲ್ಸ, ನಮಗೂ ಹೆದರ್ಕೆ ಇರ್ತದೆ,’ ಎಂದರು. ನಾನೇ ಬರೆದದ್ದು ಎಂದೆ. ಮತ್ತೇನು ಹೇಳಲಿ. ಶಿರಸಿ, ಸಿದ್ದಾಪುರದಲ್ಲಿ ಕೇಳಿದ ಕಡೆಯೂ ಅದೇ ಆಯಿತು. ಆ ಹೋಟೆಲಿನವರು ಎಲ್ಲರಿಗೂ ಪರಿಚಯದವರು.

ನಮ್ಮತ್ತೆ ದಿನಾ ಒಂದೇ ಕೇಳುತ್ತಾರೆ: ‘ತಪ್ಪು ಮಾಡಿದ್ದಿಲ್ಲೆ ಅಂದ್ರೆ ಎಂತಕ್ಕೆ ಬಾಯಿ ಬಿಡ್ತಿಲ್ಲೆ ನೀನು?’ ಅವರಿಗೂ ಉತ್ತರ ಹೇಳಿಲ್ಲ.

ನನಗೆ ಆ ಕೆಲಸ ತಿರುಗಿ ಬೇಡ. ನನ್ನ ಹೆಸರು ಬೇಕು. ಅದು ಎಲ್ಲರಿಗೂ ಎಂಬ ವಿಳಾಸಕ್ಕೆ ಹೋಗಿ ಕೆಟ್ಟಿದೆ. ಸರಿಯಾಗುವುದಾದರೆ ಅದೇ ವಿಳಾಸದಿಂದ ಆಗಬೇಕು. ನಾನು ಬರೆದರೆ ಯಾರೂ ನಂಬುವುದಿಲ್ಲ.

ನಿಮ್ಮ,
ಪ್ರತಿಭಾ


ಗುಡ್ನಾಪುರ
೯ ಮೇ ೨೦೨೫

ಪ್ರತಿಭಾಳಿಗೆ,

ಮಗನನ್ನು ಕೇಳಿದೆ. ಜಗಲಿಯಲ್ಲಿ ಕೂರಿಸಿ, ಗೀತಾಳನ್ನೂ ಕರೆದು, ನಿನ್ನ ಪತ್ರವನ್ನು ಓದಿ ಹೇಳಿದೆ. ಸುಳ್ಳೆನ್ನಲಿಲ್ಲ.

‘ನಾನೇ ಹೇಳಿದ್ದೆ ಅವ್ವಾ. ಆಕಿ ಬ್ಯಾಡ ಅಂದ್ಲು. ಲಾರಿ ಬಂದು ನಿಂತಿತ್ತು, ತುಂಬಿಸಿದೆ.’

‘ಮತ್ತ ಆಕಿ ಯಾಕ ಹೋಗಬೇಕಿತ್ತು?’

‘ಮಾಲಕ ತಪ್ಪು ಮಾಡಿದಾ ಅಂದ್ರ ಯಾರೂ ನಮ್ಮ ಡಬ್ಬಿ ಮುಟ್ಟೂದಿಲ್ಲ. ನೌಕರಿ ಮಾಡಾಕಿ ಮಾಡಿದ್ಲು, ಹೋದ್ಲು ಅಂದ್ರ ಅಲ್ಲಿಗೆ ಮುಗೀತು. ಎಷ್ಟು ಮನಿ ಒಲಿ ಉರೀತಾವ ಈ ಕಾರ್ಖಾನಿ ಮ್ಯಾಲ, ನೀನ ಹೇಳು.’

‘ಆಕಿ ಮನಿ ಒಲಿ?’

ಗೀತಾ ಗೋಡೆಯ ಕಡೆ ನೋಡುತ್ತಿದ್ದಳು. ಕಡೆಗೆ ಅವನೇ ಹೇಳಿದ, ‘ನೀ ಹೇಳಿದ್ರ ಬರೀತೀನಿ. ನನ್ನ ಹೆಸರು ಹಾಕಿ ಬರೀತೀನಿ. ಆಮ್ಯಾಲ ಅಪ್ಪನ ಹೆಸರಿನ ಬೋರ್ಡ್ ಇಳಿಸೂದೂ ನೀನ ಇಳಸು.’

ನನಗೆ ಬರೆ ಎನ್ನಲು ಬಾಯಿ ಬರಲಿಲ್ಲ. ಇದನ್ನು ನಿನಗೆ ತಿಳಿಸಬೇಕೆಂದು ಬರೆಯುತ್ತಿದ್ದೇನೆ. ಯಜಮಾನರು ತಲೆಯ ಮೇಲೆ ಹಣ್ಣು ಹೊತ್ತು ಬನವಾಸಿ ಸಂತೆಗೆ ಹೋಗುತ್ತಿದ್ದ ಕಾಲದಿಂದ ಆ ಹೆಸರನ್ನು ಕಟ್ಟಿದವರು. ನೀನು ಅವರನ್ನು ಕಂಡವಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಹೀಗೆ ಮಾಡಿದನೆಂದು ಊರಿಗೆಲ್ಲ ಹೇಗೆ ಹೇಳಲಿ? ನೀನೂ ಮಕ್ಕಳನ್ನು ಹೆತ್ತವಳು.

ಯಲ್ಲಾಪುರದವರಿಗೆ ನಾನೇ ಒಂದು ಪತ್ರ ಬರೆಯುತ್ತೇನೆ. ಅವರಿಗೆ ಮಾತ್ರ. ನಿನಗೆ ಕೆಲಸ ಸಿಗುತ್ತದೆ. ಇಷ್ಟಕ್ಕೆ ಬಿಡು.

ಪಾರ್ವತವ್ವ


ತ್ಯಾಗಲಿ
೨೦ ಮೇ ೨೦೨೫

ಪೂಜ್ಯ ಅವ್ವಾರಿಗೆ ನಮಸ್ಕಾರಗಳು.

ಯಲ್ಲಾಪುರಕ್ಕೆ ಬರೆಯಬೇಡಿ. ಗುಟ್ಟಾಗಿ ತೊಳೆದ ಹೆಸರನ್ನು ಇಟ್ಟುಕೊಂಡು ನಾನೇನು ಮಾಡಲಿ. ಅದನ್ನು ಮತ್ತೆ ಗುಟ್ಟಾಗಿಯೇ ಕಾಯಬೇಕಾಗುತ್ತದೆ.

ಹೊನ್ನಿಗೆ ಉಡಿ ತುಂಬಿದ ದಿನ ನೀವು ಹಣ್ಣಿನ ಸಿಪ್ಪೆ ತೆಗೆಯುವ ಹೆಂಗಸರನ್ನೆಲ್ಲ ಕರೆಸಿದ್ದಿರಿ. ಒಳಕೋಣೆಯಲ್ಲಿ ತುಂಬಿದರೆ ಸಾಲದೇ ಎಂದು ನಾನು ಕೇಳಿದ್ದೆ. ‘ಮಂದಿ ನೋಡಬೇಕು,’ ಎಂದಿದ್ದಿರಿ.

ನಿಮ್ಮ,
ಪ್ರತಿಭಾ


ಇವರಿಂದ: ಪಾರ್ವತವ್ವ, ಅಧ್ಯಕ್ಷೆ
ಇವರಿಗೆ: ಎಲ್ಲರಿಗೂ
ವಿಷಯ: ವಿದಾಯ
೩೦ ಜೂನ್ ೨೦೨೫

ಕಚೇರಿಯವರಿಗೆ, ಕಾರ್ಖಾನೆಯವರಿಗೆ, ನಮ್ಮ ಡಬ್ಬಿಗಳನ್ನು ಕೊಳ್ಳುವ ಎಲ್ಲರಿಗೂ ಪಾರ್ವತವ್ವನ ಶರಣು.

ನಾನು ಹೇಳಿದಂತೆ ಕಚೇರಿಯ ಅನುಶ್ರೀ ಇದನ್ನು ಟೈಪ್ ಮಾಡುತ್ತಿದ್ದಾಳೆ. ಎರಡು ಕಡೆ ಅವಳು ನನ್ನ ಮಾತನ್ನು ಮೆತ್ತಗೆ ಮಾಡಿದ್ದಳು. ಮೊದಲಿನಂತೆ ಮಾಡಿಸಿದ್ದೇನೆ.

ಇಂದಿನಿಂದ ನಾನು ಅಧ್ಯಕ್ಷೆಯ ಕುರ್ಚಿಯಲ್ಲಿ ಇರುವುದಿಲ್ಲ. ವೈಯಕ್ತಿಕ ಕಾರಣ ಎಂದು ಬರೆಯುವುದಿಲ್ಲ. ಕಾರಣ ಹೇಳುತ್ತೇನೆ.

ಕಳೆದ ದೀಪಾವಳಿಗೆ ಕಳಿಸಿದ ಡಬ್ಬಿಗಳು ಉಬ್ಬಿ ಬಂದವು. ಕುದಿಸುವ ಹೊತ್ತನ್ನು ಇಳಿಸಲು ಹೇಳಿದವನು ನನ್ನ ಮಗ ಶಂಭುಲಿಂಗ. ಬೇಡವೆಂದವಳು ಪ್ರತಿಭಾ. ಅವಳು ಇಲ್ಲದಾಗ ಮಾಲು ಹೋಯಿತು. ಆ ಮೇಲೆ ತಪ್ಪನ್ನು ಅವಳ ಮೇಲೆ ಹೊರಿಸಿ ಅವಳಿಂದ ಕೆಲಸ ಬಿಡಿಸಲಾಯಿತು. ಜನವರಿಯಲ್ಲಿ ಅವಳು ನಿಮಗೆಲ್ಲ ಬರೆದ ಇಮೇಲಿನಲ್ಲಿ ಕ್ಷಮಿಸಿ ಎಂದಿದ್ದಳು. ಅದು ಹೋಗುವವರೆಲ್ಲ ಮರ್ಯಾದೆಗೆ ಬರೆಯುವ ಮಾತು. ಅದನ್ನು ತಪ್ಪೊಪ್ಪಿಗೆ ಎಂದು ಹೇಳಿದ್ದು ಸುಳ್ಳು. ಓದಿ ನಂಬಿದವರಲ್ಲಿ ನಾನೂ ಒಬ್ಬಳು. ನಂಬಿ ಅವಳಿಗೆ ಕೆಟ್ಟ ಪತ್ರವನ್ನೂ ಬರೆದೆ.

ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಎಂದು ನಾನು ಬರೆಯುವುದಿಲ್ಲ. ತಪ್ಪಾಗಿದೆ. ತಿಳಿದೇ ಆಗಿದೆ. ಗೊತ್ತಾದ ಮೇಲೂ ಎರಡು ತಿಂಗಳು ನಾನು ಸುಮ್ಮನಿದ್ದೆ, ಮನೆತನದ ಹೆಸರು ದೊಡ್ಡದೆಂದು. ಆ ಹೆಸರು ಇನ್ನೊಬ್ಬಳ ಹೆಸರಿನ ಮೇಲೆ ನಿಂತಿತ್ತು.

ಡಬ್ಬಿಗಳನ್ನು ಇನ್ನು ಕೊಳ್ಳುವುದು ಬಿಡುವುದು ನಿಮಗೆ ಸೇರಿದ್ದು. ಇದನ್ನು ಕಳಿಸುವ ಮೊದಲು ಮಗನಿಗೆ ಓದಿ ಹೇಳಿದ್ದೇನೆ. ಅವನು ಕಳಿಸು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ನನಗೆ ಇಮೇಲ್ ವಿಳಾಸವಿಲ್ಲ. ಸಂಪರ್ಕದಲ್ಲಿ ಇರಬೇಕೆನ್ನುವವರು ಊಟದ ಹೊತ್ತಿಗೆ ಮನೆಗೆ ಬರಬೇಕು.

ಪಾರ್ವತವ್ವ


ತ್ಯಾಗಲಿ
೮ ಜುಲೈ ೨೦೨೫

ಪೂಜ್ಯ ಅವ್ವಾರಿಗೆ ನಮಸ್ಕಾರಗಳು.

ಇಮೇಲ್ ನನಗೂ ಬಂದಿದೆ. ಆ ವಿಳಾಸದಿಂದ ನನ್ನ ಹೆಸರನ್ನು ಇನ್ನೂ ಯಾರೂ ತೆಗೆದಿರಲಿಲ್ಲ. ನಮ್ಮತ್ತೆಗೆ ಓದಿ ಹೇಳಿದೆ. ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಆದರೂ ಫೋನನ್ನು ಕೈಗೆ ತೆಗೆದುಕೊಂಡು ನೋಡಿದರು. ‘ಆ ಹೆಂಗ್ಸು ಗಟ್ಟಿ ಇದ್ದು,’ ಎಂದು ಒಳಗೆ ಹೋದರು.

ಯಲ್ಲಾಪುರದವರು ನಿನ್ನೆ ಫೋನ್ ಮಾಡಿದ್ದರು. ಯೋಚಿಸಿ ಹೇಳುತ್ತೇನೆ ಎಂದಿದ್ದೇನೆ. ಸುಭಾಷನ ಛತ್ರಿ ಅವನಿಗೆ ತಲುಪಿದೆಯಂತೆ.

ಶಂಭಣ್ಣನ ಬಗ್ಗೆ ಏನು ಬರೆಯಬೇಕೆಂದು ತಿಳಿಯುವುದಿಲ್ಲ. ಬರೆಯದೆ ಬಿಡುತ್ತೇನೆ.

ಆಷಾಢ ಕಳೆಯಲಿ. ಶ್ರಾವಣದ ಮೊದಲ ಶುಕ್ರವಾರ ಬರುತ್ತೇನೆ. ಒಂದು ಮಾತು ಕೇಳಬೇಕು. ಗೀತಕ್ಕನ ಮೇಲೆ ನನಗೆ ಏನೂ ಇಲ್ಲ, ಅವರು ನನಗೆ ಮಾಡಿದ ಉಪಕಾರ ದೊಡ್ಡದು. ಆದರೆ ಉಡಿಯನ್ನು ನೀವು ತುಂಬಬೇಕು. ಕುರ್ಚಿಯಲ್ಲಿ ಕೂತು ನೋಡಬಾರದು.

ನಿಮ್ಮ,
ಪ್ರತಿಭಾ


ಗುಡ್ನಾಪುರ
೧೪ ಜುಲೈ ೨೦೨೫

ಚಿ. ಸೌ. ಪ್ರತಿಭಾಳಿಗೆ ಪಾರ್ವತವ್ವನ ಆಶೀರ್ವಾದಗಳು.

ಇಬ್ಬರು ಗಿರಾಕಿಗಳು ಬಿಟ್ಟರು. ಒಬ್ಬರು, ಹೋಟೆಲಿನವರೇ, ಕಾರ್ಖಾನೆಯನ್ನು ನೋಡಿಕೊಂಡು ಹೋದರು, ಏನೂ ಹೇಳಿಲ್ಲ. ಬೋರ್ಡ್ ಇನ್ನೂ ಅಲ್ಲೇ ಇದೆ. ಶಂಭುಲಿಂಗ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಕುದಿಸುವ ಕೋಣೆಯಲ್ಲಿ ನಿಲ್ಲುತ್ತಾನಂತೆ, ಕೆರಿಯಪ್ಪ ಹೇಳಿದ. ನನ್ನ ಜೊತೆ ಮಾತಿಲ್ಲ. ಊಟಕ್ಕೆ ಎದುರಿಗೇ ಕೂರುತ್ತಾನೆ, ಉಪ್ಪು ಬೇಕಾದರೆ ಗೀತಾಳ ಕಡೆ ನೋಡುತ್ತಾನೆ. ನಾನು ತಳ್ಳಿದರೆ ತೆಗೆದುಕೊಳ್ಳುತ್ತಾನೆ. ಸದ್ಯಕ್ಕೆ ಅಷ್ಟು.

ನೀನು ಕೇಳಿದ ಮಾತಿಗೆ ಬರುತ್ತೇನೆ. ನಾನು ತುಂಬುವಂತಿಲ್ಲ ಎಂದು ನಿನಗೆ ಗೊತ್ತಿದೆ. ಹಾಗೆ ಮಾಡಬಾರದೆಂದು ಯಾರೂ ನನಗೆ ಹೇಳಿದ್ದಲ್ಲ. ಯಜಮಾನರು ಹೋದ ದಿನ ನಾನೇ ಹಿಂದೆ ಸರಿದು ಕೂತೆ, ಯಾರೂ ಹೇಳುವ ಮೊದಲೇ. ಇನ್ನೊಬ್ಬರು ಹೇಳಿ ನಾನು ಸರಿಯುವುದು ನನಗೆ ಸೇರುತ್ತಿರಲಿಲ್ಲ. ನೀನು ಕೇಳಿದ್ದನ್ನು ಗೀತಾಳಿಗೆ ಹೇಳಿದೆ. ಅವಳು ಕಪಾಟಿನಿಂದ ಹಿತ್ತಾಳೆಯ ತಟ್ಟೆ ತೆಗೆದು, ಹುಣಸೆಹಣ್ಣು ಹಚ್ಚಿ ತಿಕ್ಕಿ ನನ್ನ ಮುಂದಿಟ್ಟಳು.

ಕಾರ್ಖಾನೆಯ ಹೆಂಗಸರಿಗೆಲ್ಲ ಹೇಳಿ ಕಳಿಸಿದ್ದೇನೆ. ಹೊನ್ನಿಗೂ ಹೇಳಿದ್ದೇನೆ. ಮಂದಿ ನೋಡಬೇಕು.

ಸೀರೆ ಉಟ್ಟು ಬಾ. ನೀನು ಕಚೇರಿಗೆ ಹಾಕಿಕೊಂಡು ಬರುತ್ತಿದ್ದ ಆ ಚೂಡಿದಾರದ ವೇಲಿನಲ್ಲಿ ತೆಂಗಿನಕಾಯಿ ನಿಲ್ಲುವುದಿಲ್ಲ. ಊಟಕ್ಕೆ ಹೊತ್ತಾಗಿ ಬರಬೇಡ.

ಅಕ್ಕಿ ಆರಿಸುತ್ತಿದ್ದೇನೆ. ಕಣ್ಣು ಮಂದವಾಗಿದೆ, ಕಲ್ಲು ಕಾಣುವುದಿಲ್ಲ, ಬೆರಳಿಗೇ ಸಿಗಬೇಕು. ಗೀತಾ ಎರಡು ಸಲ ಮೊರ ಕೇಳಿದಳು. ಕೊಟ್ಟಿಲ್ಲ.

ಇತಿ,
ಪಾರ್ವತವ್ವ